ಬಸ್ಸು ಹತ್ತಿ ಹೋದ ಫುಟ್‌ಬಾಲ್ ಚರಿತ್ರೆ

೧೯೬೪ನೇ ಇಸವಿ. ಚೀನಾ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಕಾಲೇಜು ಹುಡುಗರೆಲ್ಲ ಕಡ್ಡಾಯವಾಗಿ ಎನ್.ಸಿ.ಸಿ. ಸೇರಬೇಕೆಂದು ಆಜ್ಞೆಯಾಗಿದ್ದರಿಂದ ದೇಶ ಕಾಯುವ ಭಾರ ನನ್ನಂಥವನ ಮೇಲೂ ಬಿದ್ದಿತ್ತು. ನಾನು ಆಗ ಶಿವಮೊಗ್ಗದಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ. ಸೈಕಲ್ ಪಂಪಿನಂಥ ಮೈ. ನನಗೆ ಕೊಟ್ಟ ಖಾಕಿ ಚಡ್ಡಿಯಲ್ಲಿ ಇನ್ನೊಬ್ಬ ಕೆಡೆಟ್ ಬಾಡಿಗೆಗೆ ಇರಬಹುದಿತ್ತು.

ನನಗಿದ್ದ ಒಂದೇ ವಿದ್ಯೆ ಬೇರೆಯವರ ಗಂಟಲಿನಲ್ಲಿ ಮಾತಾಡುವುದು. ಮನೆಯಲ್ಲಿ ನಾನಿಯ, ಅಂದರೆ ಅಜ್ಜಿಯ, ಧ್ವನಿಯಲ್ಲಿ ಗದರಿದರೆ ಅಡುಗೆಮನೆಯಿಂದ ಅಮ್ಮಿ "ಬಂದೆ ಬಂದೆ" ಅನ್ನುತ್ತಿದ್ದಳು. ಕಾಲೇಜಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ರುದ್ರಮೂರ್ತಿ ಸಾರ್ ಧ್ವನಿ. ಅವರು ನಮಗೆ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದರು, ಎನ್.ಸಿ.ಸಿ. ಆಫೀಸರೂ ಅವರೇ. ಮಾತು ಶುರುಮಾಡುವ ಮೊದಲು ಎರಡು ಸಲ ಕೆಮ್ಮುವುದು, ಆಮೇಲೆ "ಏನಪ್ಪಾ ಅಂದ್ರೆ" ಅನ್ನುವುದು, ಕೊನೆಯ ಅಕ್ಷರವನ್ನು ಕಂಬಳಿ ಹಾಗೆ ಎಳೆಯುವುದು. ಹಾಸ್ಟೆಲಿನಲ್ಲಿ ನಾನು ಆ ಕೆಮ್ಮು ಕೆಮ್ಮಿದರೆ ಸಾಕು, ನಾಲ್ಕು ಬೀಡಿ ಒಟ್ಟಿಗೆ ಆರುತ್ತಿದ್ದವು.

ಆ ಡಿಸೆಂಬರಿನಲ್ಲಿ ಒಂದು ಮಿಲಿಟರಿ ಅಕಾಡೆಮಿಯ ಫುಟ್‌ಬಾಲ್ ತಂಡ ನಮ್ಮೂರಿಗೆ ಬಂತು. ಓದುತ್ತಲೇ ಆಫೀಸರಾಗಲು ತಯಾರಾಗುತ್ತಿದ್ದ ಹುಡುಗರು. ಮೈಸೂರು ರಾಜ್ಯದ ಕೆಲವು ಕಾಲೇಜುಗಳ ಜೊತೆ ಸ್ನೇಹದ ಪಂದ್ಯ ಆಡುತ್ತಾ ಬಂದಿದ್ದರು. ನಮ್ಮ ಕಾಲೇಜಿನ ಮೈದಾನದಲ್ಲಿ ಹುಲ್ಲಿಗಿಂತ ಕಲ್ಲು ಹೆಚ್ಚು. ಹಾಗಾಗಿ ಪಂದ್ಯವನ್ನು ಭದ್ರಾವತಿಯ ಕಾರ್ಖಾನೆ ಮೈದಾನದಲ್ಲಿ, ಭಾನುವಾರ ಸಂಜೆ ನಾಲ್ಕಕ್ಕೆ ಇಟ್ಟಿದ್ದರು. ನಾನು ನಮ್ಮ ತಂಡದ ಮೀಸಲು ಗೋಲ್‌ಕೀಪರ್. ಅಭ್ಯಾಸದಲ್ಲಿ ಒಂದೇ ಬೆಳಿಗ್ಗೆ ಏಳು ಗೋಲು ಒಳಗೆ ಬಿಟ್ಟುಕೊಂಡ ಮೇಲೆ ಸಾರ್ ನನ್ನನ್ನು ಮೈಕಿನ ಕೆಲಸಕ್ಕೆ ಹಾಕಿದರು. "ಏನಪ್ಪಾ ಅಂದ್ರೆ, ನಿನ್ನ ಕೈಗಿಂತ ಬಾಯಿ ಚುರುಕು" ಅಂದರು.

ಆ ತಂಡಕ್ಕೊಂದು ಪದ್ಧತಿ ಇತ್ತು. ಎಲ್ಲಿ ಆಡಿದರೂ ಪಂದ್ಯಕ್ಕೆ ಮುಂಚೆ ತಂಡದ ಚರಿತ್ರೆಯನ್ನು ಆ ಊರಿನ ಮಾತಿನಲ್ಲಿ ಮೈಕಿನವರು ಓದಬೇಕು. ಅದು ಯಾವುದೋ ಅಚ್ಚಾದ ಪುಸ್ತಕವಲ್ಲ. ತಂಡ ಹುಟ್ಟಿದ ದಿನದಿಂದ ಪ್ರತಿ ಕ್ಯಾಪ್ಟನ್ ತನ್ನ ಕೈಯಾರೆ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದ, ಕೆಂಪು ರಟ್ಟಿನ ಒಂದು ದಪ್ಪ ನೋಟ್‌ಬುಕ್. ಅದನ್ನು ಕಾಯುವ ಹೊಣೆ ಕುಶಾಲಪ್ಪ ಎಂಬ ಕೊಡಗಿನ ಹುಡುಗನದು. ತಂಡದಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ಶನಿವಾರ ಸಂಜೆ ನನಗೆ ಅದನ್ನು ದೂರದಿಂದ ತೋರಿಸಿದ.

"ನೋಡಿ ಅನ್ವರ್, ಇದಕ್ಕೆ ನಕಲು ಇಲ್ಲ. ಇದರಲ್ಲಿ ಬರೆದ ಇಬ್ಬರು ಕ್ಯಾಪ್ಟನ್ನರು ಎರಡು ವರ್ಷದ ಹಿಂದೆ ಗಡಿಗೆ ಹೋದವರು ವಾಪಸ್ ಬರ್ಲಿಲ್ಲ. ನಾಳೆ ಬೆಳಿಗ್ಗೆ ನನ್ನ ಎದುರಿಗೆ ಕೂತು ಕನ್ನಡದಲ್ಲಿ ಬರ್ಕೊಳ್ಳಿ. ಪುಸ್ತಕ ಮಾತ್ರ ನನ್ನ ಕೈ ಬಿಟ್ಟು ಹೋಗೋ ಹಾಗಿಲ್ಲ. ಹೋದ್ರೆ ನಾನು ತಂಡದಲ್ಲಿ ಇರಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ್ದ. ಆದರೆ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಭದ್ರಾವತಿಯ ಗೆಳೆಯರಿಗೆ, ಮೈಕಿನವನಿಗೆ, ಬಸ್ಸಿನ ಜನಕ್ಕೆ, ಎಲ್ಲರಿಗೂ ಆ ಪುಸ್ತಕ ಹಿಡಿದುಕೊಂಡ ನನ್ನನ್ನು ತೋರಿಸಬೇಕಿತ್ತು. ಒಬ್ಬ ಕೆಡೆಟ್ ಎದುರು ಮಗ್ಗಿ ಬರೆಯುವವನ ಹಾಗೆ ಕೂತರೆ ಅದಾಗುತ್ತದೆಯೇ?

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಇಳಿದುಕೊಂಡಿದ್ದ ಕೋಣೆಯ ಕಿಟಕಿಯ ಹೊರಗೆ ಗೋಡೆಗೆ ಅಂಟಿ ನಿಂತೆ. ಎರಡು ಸಲ ಕೆಮ್ಮಿದೆ.

"ಕುಶಾಲಪ್ಪಾ, ಏನಪ್ಪಾ ಅಂದ್ರೆ, ಆ ಪುಸ್ತಕಾನ ಅನ್ವರ್ ಕೈಲಿ ಕೊಟ್ಬಿಡಪ್ಪಾ. ಜವಾಬ್ದಾರಿ ನಂದೂ."

ಒಳಗಿನಿಂದ "ಯೆಸ್ ಸರ್!" ಎಂದು ಗುಂಡು ಹೊಡೆದ ಹಾಗೆ ಉತ್ತರ ಬಂತು. ಎರಡು ನಿಮಿಷ ಬಿಟ್ಟು ಮುಂಬಾಗಿಲಿನಿಂದ ಒಳಗೆ ಹೋದೆ. ಕುಶಾಲಪ್ಪ ಅರ್ಧ ಗಡ್ಡ ಬೋಳಿಸಿಕೊಂಡು, ಉಳಿದರ್ಧ ಸೋಪಿನ ನೊರೆಯಲ್ಲಿ ನಿಂತಿದ್ದ. ಸಾರ್ ಮಾತನ್ನು ಅವನು ಹಿಂದಿನ ದಿನವೇ ಕೇಳಿದ್ದ. ಬೇರೆ ಯಾರಾದರೂ ಆಗಿದ್ದರೆ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದರು. ಅವನಿಗೆ ಆಫೀಸರ ಧ್ವನಿ ಕೇಳಿದರೆ ಮುಗಿಯಿತು, ಅದು ಅಪ್ಪಣೆ. ಪೆಟ್ಟಿಗೆ ಬೀಗ ತೆಗೆದು ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟ. "ನಿಮ್ಮ ಸಾರ್ ಹೇಳಿದಾರೆ" ಅಂದ. ನಗು ತಡೆದುಕೊಳ್ಳುವುದೇ ನನಗೆ ದೊಡ್ಡ ಕಷ್ಟವಾಗಿತ್ತು. ಅವತ್ತು ನಾನು ಪಟ್ಟ ಕಷ್ಟಗಳಲ್ಲಿ ಅದೇ ಚಿಕ್ಕದು.

ಹತ್ತು ಗಂಟೆಯ ತರೀಕೆರೆ ಬಸ್ಸು ಹತ್ತಿದೆ. ಹಸಿರು ಬಣ್ಣದ ಬಸ್ಸು, ಡ್ರೈವರ್ ಖಾದರ್ ಚಾಚಾ. ನಮ್ಮ ಅಬ್ಬಾ ಕೋಟೆ ರಸ್ತೆಯಲ್ಲಿ ಗ್ಯಾರೇಜು ನಡೆಸುತ್ತಿದ್ದುದರಿಂದ ಆ ದಾರಿಯ ಡ್ರೈವರುಗಳೆಲ್ಲ ನನಗೆ ಚಾಚಾಗಳೇ. ಅವರ ಪಕ್ಕದಲ್ಲೇ ಕೂತು, ಪುಸ್ತಕವನ್ನು ಇಂಜಿನ್ ಮೇಲಿನ ಬಾನೆಟ್ಟಿನ ಮೇಲಿಟ್ಟು, ಮೊದಲ ನಾಲ್ಕು ಪುಟ ಓದಿ ಬಸ್ಸಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಹೇಳಿದೆ. ತಂಡದ ಮೊದಲ ಪಂದ್ಯದಲ್ಲಿ ಆರು ಜನಕ್ಕೆ ಬೂಟಿರಲಿಲ್ಲವಂತೆ, ಬರಿಗಾಲಲ್ಲಿ ಆಡಿದರಂತೆ. ನಾನು ಬರಿಗಾಲಿನ ಗೋಲ್‌ಕೀಪರನೂ ಆದೆ, ಬೂಟು ಹಾಕಿದ ಎದುರಾಳಿಯೂ ಆದೆ. ಅಡಿಕೆ ಮೂಟೆಯ ಮೇಲೆ ಕೂತಿದ್ದ ಯಜಮಾನರೊಬ್ಬರು "ಸಾಕು ಮಾರಾಯ, ಹೊಟ್ಟೆ ಹಿಡ್ಕೊಳ್ತು" ಎಂದು ಕಣ್ಣೊರೆಸಿಕೊಂಡರು. ಆ ಮೆಚ್ಚುಗೆಯ ಅಮಲಿನಲ್ಲೇ ದಾರಿಯಲ್ಲಿ ಸಿಗುವ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇಳಿದೆ. ಇಳಿಯುವಾಗಲೂ ಖಾದರ್ ಚಾಚಾನ ಹಾಗೆ ಬಾಯಲ್ಲೇ ಹಾರ್ನ್ ಹೊಡೆದು ತೋರಿಸಿದೆ. ಬಸ್ಸು ನಗುತ್ತಾ ಹೋಯಿತು.

ಗೆಳೆಯರ ಜೊತೆ ದೋಸೆ ತಿಂದು, ಹೊಳೆ ದಾಟಿ ಮೈದಾನಕ್ಕೆ ಹೋದಾಗ ಹನ್ನೊಂದೂವರೆ. ಮೈಕಿನವನು ತಂತಿ ಎಳೆಯುತ್ತಾ ಕೇಳಿದ: "ಏನು ಓದ್ತೀಯಾ, ಕಾಗದ ಎಲ್ಲಿ?"

ನಾನು ಕಂಕುಳು ಮುಟ್ಟಿ ನೋಡಿಕೊಂಡೆ. ಎರಡೂ ಕಂಕುಳು ಖಾಲಿ.

ಪುಸ್ತಕ ಬಾನೆಟ್ಟಿನ ಮೇಲೆಯೇ ಉಳಿದಿತ್ತು. ಬಸ್‌ಸ್ಟ್ಯಾಂಡಿಗೆ ಓಡಿದೆ. ಅಲ್ಲಿನ ಏಜೆಂಟ್ ತಮಿಳಿನವನು, ನಿಧಾನಸ್ಥ. "ಆ ವಂಡಿ ತರೀಕೆರೆಗೆ ಪೋಯಾಚು ತಂಬಿ. ಎರಡೂವರೆಗೆ ವಾಪಸ್ ಬರುತ್ತೆ. ಕೂತ್ಕೋ."

ಕೂತೆ. ಮೂರು ಗಂಟೆ ಕೂತೆ. ಕೂತಲ್ಲೇ ಲೆಕ್ಕ ಹಾಕಿದೆ: ಬಸ್ಸು ಎರಡೂವರೆಗೆ ಬಂದರೆ ಮೂರಕ್ಕೆ ಮೈದಾನ, ತಂಡದ ಲಾರಿ ಬರುವುದು ಮೂರೂಕಾಲಿಗೆ, ಯಾರಿಗೂ ಗೊತ್ತಾಗುವುದಿಲ್ಲ. ಮತ್ತೆ ಲೆಕ್ಕ: ಯಾರಾದರೂ ಎತ್ತಿಕೊಂಡು ಹೋಗಿದ್ದರೆ? ಬಾನೆಟ್ ಬಿಸಿಗೆ ರಟ್ಟು ಸುಟ್ಟಿದ್ದರೆ? ಸತ್ತುಹೋದವರ ಅಕ್ಷರ ಮತ್ತೆ ಬರೆಸುವುದು ಯಾರ ಕೈಲಿ? ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ತರೀಕೆರೆ ಕಡೆಯಿಂದ ಇನ್ನೊಂದು ಬಸ್ಸು ಬಂದು ನನ್ನ ಮೂಗಿನ ಮುಂದೆಯೇ ನಿಂತು ಹಾರ್ನ್ ಹೊಡೆಯಿತು. ತಲೆ ಸಿಡಿಯುತ್ತಿತ್ತು. "ಹೋಗಯ್ಯಾ ಅತ್ಲಾಗೆ" ಎಂದು ಮನಸ್ಸಿನಲ್ಲೇ ಬೈದೆ. ಐದು ನಿಮಿಷ ನಿಂತು ಅದು ಶಿವಮೊಗ್ಗಕ್ಕೆ ಹೋಯಿತು.

ಎರಡೂವರೆಗೆ ಹಸಿರು ಬಸ್ಸು ಬಂತು. ಅದು ನಿಲ್ಲುವ ಮೊದಲೇ ಫುಟ್‌ಬೋರ್ಡ್ ಹತ್ತಿದೆ. ಬಾನೆಟ್ಟಿನ ಮೇಲೆ ಒಂದು ಟವೆಲು ಬಿಟ್ಟರೆ ಏನೂ ಇಲ್ಲ.

ಖಾದರ್ ಚಾಚಾ ನನ್ನ ಮುಖ ನೋಡಿ ನಕ್ಕರು. "ಕ್ಯಾ ಮಿಯಾ, ಪುಸ್ತಕ ಮರ್ತ್ಯಾ? ಬೇಜಾರ್ ಮಾಡ್ಕೋಬೇಡ. ಪರೀಕ್ಷೆ ಪುಸ್ತಕ ಇರ್ಬೇಕು ಅಂತ, ತರೀಕೆರೆಯಿಂದ ಹೊರಟಿದ್ದ ಎದುರು ಬಸ್ಸಿನವನ ಕೈಲಿ ಕೊಟ್ಟು ಕಳಿಸಿದೀನಿ. ನಿಮ್ಮ ಅಬ್ಬಾ ಗ್ಯಾರೇಜಲ್ಲಿ ಕೊಡು ಅಂದೆ. ಇಷ್ಟೊತ್ತಿಗೆ ಶಿವಮೊಗ್ಗಾ ಸೇರಿರುತ್ತೆ."

ಅಂದರೆ ನಾನು ಬೈದು ಕಳಿಸಿದ ಬಸ್ಸಿನಲ್ಲೇ ಪುಸ್ತಕವಿತ್ತು. ಚಾಚಾ ಮಾಡಿದ್ದು ಉಪಕಾರ. ಅದಕ್ಕೆ "ಶುಕ್ರಿಯಾ" ಅನ್ನಬೇಕಿತ್ತು. ನನ್ನ ಬಾಯಿಂದ ಒಂಥರಾ ಕುರಿಯ ಸದ್ದು ಬಂತು.

ಈಗ ಉಳಿದಿದ್ದು ಫೋನು. ಬಸ್‌ಸ್ಟ್ಯಾಂಡಿನ ಎದುರಿನ ಸೈಕಲ್ ಅಂಗಡಿಯವನ ಕಾಲು ಹಿಡಿದು ಶಿವಮೊಗ್ಗಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿಸಿದೆ. ಅಬ್ಬಾ ಗ್ಯಾರೇಜಿನ ಪಕ್ಕದ ಟೈರ್ ಅಂಗಡಿಯಲ್ಲಿ ಫೋನ್ ಇತ್ತು. ಲೈನ್ ಸಿಗಲು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ತಂಡದ ಲಾರಿ ಸೇತುವೆಯ ಕಡೆಗೆ ಹೋಗುವುದು ಕಣ್ಣಾರೆ ಕಂಡಿತು. ಹುಡುಗರು ಹಾಡು ಹೇಳುತ್ತಿದ್ದರು. ಕುಶಾಲಪ್ಪನೂ ಹಾಡುತ್ತಿದ್ದ.

ಕೊನೆಗೂ ಅಬ್ಬಾನ "ಹಲೋ" ಕೇಳಿಸಿತು. ನಿಜ ಹೇಳಿದರೆ ಚರ್ಮ ಸುಲಿಯುತ್ತಾರೆಂದು ಭಯ. ಭಯಕ್ಕೆ ನನ್ನ ಗಂಟಲಿಗೆ ಗೊತ್ತಿದ್ದುದು ಒಂದೇ ದಾರಿ. ಎರಡು ಸಲ ಕೆಮ್ಮಿದೆ.

"ಏನಪ್ಪಾ ಅಂದ್ರೆ, ನಾನು ಕಾಲೇಜಿನ ರುದ್ರಮೂರ್ತಿ ಮಾತಾಡ್ತಿರೋದೂ..."

ಅಬ್ಬಾ ನಮ್ಮ ಮನೆಮಾತಿನಲ್ಲಿ, ತಣ್ಣಗೆ ಹೇಳಿದರು: "ಅನ್ವರ್, ಇಂಜಿನ್ ಶಬ್ದ ಕೇಳಿ ಯಾವ ಬೋಲ್ಟ್ ಸಡಿಲ ಅಂತ ಹೇಳೋನು ನಾನು. ನಿನ್ನ ಗಂಟಲಲ್ಲಿ ಮಾತಾಡು. ಏನಾಗಿದೆ?"

ಹೇಳಿದೆ. ಎಲ್ಲ ಹೇಳಿದೆ, ಕಿಟಕಿಯ ವಿಷಯ ಸಹಿತ. ಹೇಳುತ್ತಾ ಅಳು ಬಂತು. ಸೈಕಲ್ ಅಂಗಡಿಯವನು ಪಂಚರ್ ಹಾಕುವುದು ಬಿಟ್ಟು ನೋಡುತ್ತಿದ್ದ.

"ಪುಸ್ತಕ ಬಂದಿದೆ. ಕೈ ಎಲ್ಲಾ ಗ್ರೀಸು, ಅದಕ್ಕೆ ಬಿಚ್ಚಿಲ್ಲ" ಅಂದರು ಅಬ್ಬಾ. "ನಾನು ತರ್ತೀನಿ. ನೀನು ಹೋಗಿ ಅವರ ಎದುರಿಗೆ ನಿಂತ್ಕೋ. ಓಡಿಹೋಗ್ಬೇಡ."

ಓಡಿಹೋಗುವ ಯೋಚನೆ ನನಗೆ ಬಂದಿತ್ತೆಂದು ಅವರಿಗೆ ಹೇಗೆ ಗೊತ್ತಾಯಿತೋ.

ಮೈದಾನಕ್ಕೆ ಹೋದಾಗ ಮೂರೂಮುಕ್ಕಾಲು. ಕಾರ್ಖಾನೆಯ ಜನ ಸುತ್ತಲೂ ತುಂಬಿದ್ದರು. ತಂಡದ ಮೇಲ್ವಿಚಾರಕ ಒಬ್ಬ ಸುಬೇದಾರ್ ಸಾಹೇಬರು, ಬಿಳಿ ಮೀಸೆ, ಲಾಠಿಯಷ್ಟೇ ನೆಟ್ಟಗಿನ ಮನುಷ್ಯ. ನನ್ನನ್ನು ಕಂಡೊಡನೆ ಹಿಂದೂಸ್ತಾನಿಯಲ್ಲಿ ಕೇಳಿದರು: "ಕಿತಾಬ್ ಎಲ್ಲಿ?"

ನಾನು ಗೇಟಿನ ಕಡೆ ನೋಡಿದೆ. ಸುಬೇದಾರರು ಕುಶಾಲಪ್ಪನ ಕಡೆ ತಿರುಗಿದರು. ಅವನು ಸೆಟೆದು ನಿಂತು ಹೇಳಿದ: "ಸಾಹೇಬ್, ಇವರ ಪ್ರೊಫೆಸರ್ ಸಾಹೇಬರು ಕೊಡು ಅಂತ ಅಪ್ಪಣೆ ಮಾಡಿದರು. ಕೊಟ್ಟೆ."

ಅಲ್ಲೇ ಪಕ್ಕದಲ್ಲಿ ರುದ್ರಮೂರ್ತಿ ಸಾರ್ ಇದ್ದರು. "ನಾನಾ?" ಎಂದರು. ಆಮೇಲೆ ನನ್ನನ್ನು ನೋಡಿದರು. ತರ್ಕಶಾಸ್ತ್ರದ ಮೇಷ್ಟ್ರು; ಮೊದಲ ವಾಕ್ಯ, ಎರಡನೇ ವಾಕ್ಯ, ತೀರ್ಮಾನ, ಮೂರೂ ಅವರ ಮುಖದಲ್ಲಿ ಒಂದರ ಹಿಂದೆ ಒಂದು ಹೋಗುವುದು ಕಂಡಿತು. ಕುಶಾಲಪ್ಪನ ಕೆನ್ನೆ ಬಿಳಿಚಿಕೊಂಡಿತ್ತು. ಪ್ರೊಫೆಸರ್ "ನಾನಲ್ಲ" ಎಂದರೆ ಅವನ ಕಥೆ ಮುಗಿದ ಹಾಗೆ.

ಸಾರ್ ಕೆಮ್ಮಲಿಲ್ಲ. "ಹೌದು, ನಾನೇ ಹೇಳಿದ್ದು" ಎಂದರು.

ಸುಬೇದಾರರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮ ತಂಡ ಇದುವರೆಗೆ ಚರಿತ್ರೆ ಓದದೆ ಆಡಿಲ್ಲ, ಪ್ರೊಫೆಸರ್ ಸಾಹೇಬ್. ಆಫೀಸರ್ ಆದವರು ಇಂಥ ವಸ್ತುವನ್ನ ಹುಡುಗರ ಕೈಗೆ ಕೊಡ್ತಾರಾ?" ಎಂದರು. ಇಷ್ಟು ಜನರ ಎದುರಿಗೆ. ಸಾರ್ "ತಪ್ಪಾಯ್ತು" ಎಂದು ತಲೆ ತಗ್ಗಿಸಿದರು. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಈಗ ಎಲ್ಲಿದೆಯಪ್ಪ?" "ಅಬ್ಬಾ ತರ್ತಾ ಇದಾರೆ ಸಾರ್." ಅಷ್ಟೇ ಮಾತು. ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತಿಗೂ ನನಗೆ ನಾಚಿಕೆಯಾಗುವುದು ಆ ಸುಮ್ಮನಿದ್ದುದಕ್ಕೆ.

ಚರಿತ್ರೆ ಓದದೆಯೇ ಪಂದ್ಯ ಶುರುವಾಯಿತು. ನಾನು ಮೈಕಿನ ಮುಂದೆ ಕಂಬದ ಹಾಗೆ ನಿಂತೆ. "ಏನೋ ಅನ್ವರಾ, ಬಾಯಿಗೆ ಬೀಗ ಬಿತ್ತಾ?" ಎಂದು ಗೆಳೆಯರು ಕೂಗಿದರು. ನನ್ನ ಕಣ್ಣು ಚೆಂಡಿನ ಮೇಲಿರಲಿಲ್ಲ, ಗೇಟಿನ ಮೇಲಿತ್ತು. ಕುಶಾಲಪ್ಪನ ಕಣ್ಣೂ ಅಲ್ಲೇ. ಹಾಗಾಗಿ ಸುಲಭದ ಚೆಂಡೊಂದನ್ನು ಅವನು ತಡೆಯದೆ ಬಿಟ್ಟ, ನಮ್ಮ ಹುಡುಗರು ಗೋಲು ಹೊಡೆದರು. ಭದ್ರಾವತಿಯೆಲ್ಲ ಕುಣಿಯಿತು. ನಾಲ್ಕೂವರೆ ಆಯಿತು, ಅಬ್ಬಾ ಇಲ್ಲ. ವಿರಾಮದ ಸೀಟಿ ಊದಿದರು, ಅಬ್ಬಾ ಇಲ್ಲ. ಆಟಗಾರರಿಗೆ ಕಿತ್ತಳೆ ಹಣ್ಣು ಹಂಚುತ್ತಿದ್ದಾಗ ಗೇಟಿನಲ್ಲಿ ಢಬ್ ಎಂದು ಸದ್ದಾಯಿತು. ರಿಪೇರಿಗೆ ಬಂದಿದ್ದ ಯಾರದೋ ಜೀಪು, ದಾರಿಯಲ್ಲಿ ಎರಡು ಸಲ ನಿಂತಿತ್ತಂತೆ. ಅಬ್ಬಾ ಇಳಿದರು. ಗ್ರೀಸಿನ ಅಂಗಿ, ಆದರೆ ಕೈ ತೊಳೆದಿದ್ದರು. ಪುಸ್ತಕವನ್ನು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು.

ನನ್ನ ಕೈಗೆ ಕೊಟ್ಟು, "ಹೋಗು" ಅಂದರು.

ಸುಬೇದಾರರ ಮುಂದೆ ಹೋಗಿ ಪುಸ್ತಕ ಚಾಚಿದೆ. "ಸಾಹೇಬ್, ನಮ್ಮ ಪ್ರೊಫೆಸರ್ ಏನೂ ಹೇಳಿರಲಿಲ್ಲ. ಕಿಟಕಿ ಹಿಂದೆ ನಿಂತು ಅವರ ಧ್ವನಿಯಲ್ಲಿ ಹೇಳಿದ್ದು ನಾನು. ಬಸ್ಸಿನಲ್ಲಿ ಬಿಟ್ಟಿದ್ದೂ ನಾನೇ" ಎಂದೆ.

ಕುಶಾಲಪ್ಪನ ಕೈಯಲ್ಲಿದ್ದ ಕಿತ್ತಳೆ ತೊಳೆ ಹಾಗೇ ನಿಂತಿತು. ಸುಬೇದಾರರು ಒಂದೊಂದೇ ಪುಟ ತಿರುವಿದರು. ಎಲ್ಲ ಪುಟ ಇದ್ದವು. ಆಮೇಲೆ ಸಾರ್ ಎದುರಿಗೆ ಹೋಗಿ ಸೆಲ್ಯೂಟ್ ಹೊಡೆದರು. ನನಗೆ ಒಂದೇ ಮಾತು: "ಓದು. ಈಗ. ನಗಿಸಬೇಡ."

ಕುಶಾಲಪ್ಪ ಪಕ್ಕದಲ್ಲಿ ನಿಂತು ಪುಟ ತೋರಿಸಿದ, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬರಿಗಾಲಿನ ಆರು ಜನರ ಪಂದ್ಯಕ್ಕೆ ಯಾರೂ ನಗಲಿಲ್ಲ, ನಾನೂ ಯಾರ ಹಾಗೂ ಮಾತಾಡಲಿಲ್ಲ. ಗಡಿಯಿಂದ ಬಾರದ ಇಬ್ಬರ ಹೆಸರು ಬಂದಾಗ ಕಾರ್ಖಾನೆಯ ಜನ ಯಾರೂ ಹೇಳದೆ ಎದ್ದು ನಿಂತರು. ಎರಡನೇ ಅರ್ಧದಲ್ಲಿ ಆ ಹುಡುಗರು ನಮಗೆ ಮೂರು ಗೋಲು ಹೊಡೆದರು. ಅದರಲ್ಲೊಂದು ಕುಶಾಲಪ್ಪನದು.

ಪಂದ್ಯ ಮುಗಿದ ಮೇಲೆ ಕ್ಯಾಪ್ಟನ್ ಮೈದಾನದಲ್ಲೇ ಕೂತು ಪುಸ್ತಕದಲ್ಲಿ ಬರೆದ. ಒಂದೇ ಸಾಲು. "ಇಷ್ಟೇನಾ?" ಎಂದು ಮೆಲ್ಲಗೆ ಕೇಳಿದೆ.

"ಗೆದ್ರೆ ನಮಗೆ ಒಂದು ಸಾಲು" ಎಂದ ಕುಶಾಲಪ್ಪ. "ಸೋತ್ರೆ ಒಂದು ಪುಟ. ಹೇಗೆ ಸೋತ್ವಿ ಅಂತ ಪೂರ್ತಿ ಬರೀಬೇಕು." ಬೆಳಿಗ್ಗೆ ಬಸ್ಸಿನಲ್ಲಿ ಪುಟ ತಿರುವಿದ್ದ ನನಗೆ ಇದು ಕಂಡೇ ಇರಲಿಲ್ಲ.

ಸುಬೇದಾರರು ಪೆನ್ನನ್ನು ನನ್ನ ಕಡೆ ಚಾಚಿದರು. "ಇವತ್ತು ಸೋತವನು ಇವನು. ಇವನು ಬರೀಲಿ. ಪೂರ್ತಿ ಪುಟ."

ಕನ್ನಡದಲ್ಲೇ ಬರೆದೆ. ಕಿಟಕಿ, ಬಾನೆಟ್ಟು, ದೋಸೆ, ಟ್ರಂಕ್ ಕಾಲ್, ಯಾವುದನ್ನೂ ಬಿಡಲಿಲ್ಲ. ಸಾರ್ ಸುಳ್ಳು ಹೇಳಿ ತಲೆ ತಗ್ಗಿಸಿದ್ದನ್ನೂ ನಾನು ಸುಮ್ಮನೆ ನಿಂತಿದ್ದನ್ನೂ ಬರೆದೆ. ಕುಶಾಲಪ್ಪ ಅದನ್ನು ಸಾಹೇಬರಿಗೆ ಹಿಂದೂಸ್ತಾನಿಯಲ್ಲಿ ಓದಿ ಹೇಳಿದ. ದೋಸೆಯ ಹತ್ತಿರ ಅವರ ಮೀಸೆ ಸ್ವಲ್ಪ ಅಲುಗಿತು. ಆಮೇಲೆ ಅಲುಗಲಿಲ್ಲ. ಕೆಳಗೆ ಸಹಿ ಹಾಕಿ ಪುಸ್ತಕವನ್ನು ಮತ್ತೆ ಕುಶಾಲಪ್ಪನಿಗೇ ಕೊಟ್ಟರು. ಅವನು ತಂಡದಲ್ಲಿ ಉಳಿದ.

ಮಾರನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಸಾರ್ ಕೈಗೆ ಸಿಕ್ಕಿದೆ. "ಸಾರ್, ನೀವ್ಯಾಕೆ ನಾನೇ ಹೇಳಿದ್ದು ಅಂದ್ರಿ?" ಎಂದು ಕೇಳಿಯೇಬಿಟ್ಟೆ.

ಎರಡು ಸಲ ಕೆಮ್ಮಿದರು. "ಏನಪ್ಪಾ ಅಂದ್ರೆ, ಆ ಹುಡುಗ ಪಾಲಿಸಿದ್ದು ನನ್ನ ಅಪ್ಪಣೇನ. ಪಾಲಿಸಿದವನಿಗೆ ಶಿಕ್ಷೆ ಆದ್ರೆ ಹೇಗಪ್ಪಾ? ಹೋಗು, ಕ್ಲಾಸಿಗೆ ಹೊತ್ತಾಯ್ತು."

ಇದಾಗಿ ಮೂರು ವರ್ಷವಾಯಿತು. ನಾನೇನೂ ಸುಧಾರಿಸಿಲ್ಲ. ಖಾದರ್ ಚಾಚಾ, ತಮಿಳಿನ ಏಜೆಂಟ್, ಸುಬೇದಾರರ ಮೀಸೆಯ ಹಿಂದಿನ ಗುಡುಗು, ನಮ್ಮ ಅಬ್ಬಾ, ಎಲ್ಲರೂ ಇನ್ನೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ರುದ್ರಮೂರ್ತಿ ಸಾರ್ ಕೆಮ್ಮೂ ಬರುತ್ತದೆ, "ಏನಪ್ಪಾ ಅಂದ್ರೆ" ಕೂಡ ಬರುತ್ತದೆ. ಆದರೆ ಗೆಳೆಯರು "ಅವತ್ತು ಮೈದಾನದಲ್ಲಿ ಸಾರ್ ಹೇಗೆ ಹೇಳಿದ್ರು, ಒಂದ್ಸಲ ಮಾಡಿ ತೋರ್ಸೋ" ಎಂದು ಕೇಳಿದಾಗಲೆಲ್ಲ ಖಾದರ್ ಚಾಚಾನ ಹಾರ್ನ್ ಹೊಡೆದು ತಪ್ಪಿಸಿಕೊಳ್ಳುತ್ತೇನೆ. "ಹೌದು, ನಾನೇ ಹೇಳಿದ್ದು." ಮೂರೇ ಮಾತು. ಅದೊಂದನ್ನು ಅವರ ಹಾಗೆ ಹೇಳಲು ನನಗೆ ಇನ್ನೂ ಬಂದಿಲ್ಲ.